ನರ್ಸರಿ ಟೀಚರ್ ತರಬೇತಿ: ಡೊಂಬಿವಲಿಯಿಂದ ಎಲ್ಲಿಗೆ ಹೋಗಲಿ?

ಡೊಂಬಿವಲಿ ಅಮ್ಮ:

ಎಲ್ಲರಿಗೂ ನಮಸ್ಕಾರ. ನರ್ಸರಿ ಟೀಚರ್ ಆಗಬೇಕೆಂದು ಬಹಳ ದಿನದಿಂದ ಆಸೆ. ಊರು ಕುಂದಾಪುರದ ಹತ್ತಿರ, ಮದುವೆಯಾಗಿ ಡೊಂಬಿವಲಿಗೆ ಬಂದವಳು. ಬಿ.ಕಾಂ. ಆಗಿದೆ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮಗ ಈಗ ಎರಡನೇ ಕ್ಲಾಸ್. ಅತ್ತೆ ಮನೆಯಲ್ಲೇ ಇರುವುದರಿಂದ ನಾನು ಬರುವುದು ಸ್ವಲ್ಪ ತಡವಾದರೂ ನಡೆಯುತ್ತದೆ.

ಮೂರು ದಾರಿ ಕಾಣಿಸುತ್ತಿವೆ. ಸ್ಟೇಷನ್ ಹತ್ತಿರ ಒಂದು ಕಡೆ ಶನಿವಾರ-ಭಾನುವಾರದ ಇಸಿಸಿಇ, ಅಂದರೆ ಚಿಕ್ಕ ಮಕ್ಕಳ ಆರೈಕೆ-ಶಿಕ್ಷಣದ ಕೋರ್ಸ್ ಇದೆ, ಕೆಲಸ ಗ್ಯಾರಂಟಿ ಅನ್ನುತ್ತಾರೆ. ಎರಡನೆಯದು ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಡಿಪ್ಲೊಮಾ, ಮನೆಯಿಂದಲೇ ಓದುವುದು. ಮೂರನೆಯದು ದಾದರ್ ಕಡೆ ಹೋಗಿ ದಿನಾ ಮಾಂಟೆಸ್ಸರಿ ತರಬೇತಿ ಪಡೆಯುವುದು. ಅದರ ಫೀಸ್ ಕೇಳಿದರೆ ಭಯವಾಗುತ್ತದೆ. ನನ್ನ ಮರಾಠಿ ಪರವಾಗಿಲ್ಲ, ಇಂಗ್ಲಿಷ್ ಮಾತಾಡುವಾಗ ತಡವರಿಸುತ್ತೇನೆ. ಯಾವುದು ಸರಿ? ಮಾಡಿದವರು ಇದ್ದರೆ ಬಿಡಿಸಿ ಹೇಳಿ.

ಮಾಟುಂಗಾ ಟೀಚರ್:

ಕೋರ್ಸಿನ ಹೆಸರು ಆಮೇಲೆ ನೋಡೋಣ. ಯಾವ ಜಾಗಕ್ಕೆ ವಿಚಾರಿಸಲು ಹೋದರೂ ಮೊದಲು ಇದನ್ನು ಕೇಳಿ: ವರ್ಷದಲ್ಲಿ ಎಷ್ಟು ದಿನ ನಮ್ಮನ್ನು ನಿಜವಾದ ಮಕ್ಕಳ ಜೊತೆ ಕೂರಿಸುತ್ತೀರಿ? ನಾವು ಕ್ಲಾಸ್ ತೆಗೆದುಕೊಳ್ಳುವಾಗ ಹಿಂದೆ ಕೂತು ನೋಡುವವರು ಯಾರು? ನೋಡಿದ ಮೇಲೆ ನಮ್ಮ ಜೊತೆ ಕೂತು ಮಾತಾಡುತ್ತಾರಾ? ಇದಕ್ಕೆ ನೇರ ಉತ್ತರ ಬರದಿದ್ದರೆ, ಗೋಡೆ ಮೇಲೆ ಎಷ್ಟು ಚೆಂದದ ಚಾರ್ಟ್ ಇದ್ದರೂ ಎದ್ದು ಬನ್ನಿ.

ಈಗ ಮಾನ್ಯತೆ ವಿಷಯ. ಶಿಕ್ಷಕರ ತರಬೇತಿಗೆ ದೇಶದ ಮಟ್ಟದಲ್ಲಿ ಮಾನ್ಯತೆ ಕೊಡುವುದು ಎನ್‌ಸಿಟಿಇ. ಅವರ 2014ರ ನಿಯಮದಲ್ಲಿ ಪೂರ್ವ ಪ್ರಾಥಮಿಕಕ್ಕೆ ಡಿಪಿಎಸ್‌ಇ ಎಂಬ ಎರಡು ವರ್ಷದ ಡಿಪ್ಲೊಮಾ ಇದೆ. ಹನ್ನೆರಡನೆಯಲ್ಲಿ 50 ಪರ್ಸೆಂಟ್ ಬೇಕು. ನಮ್ಮಲ್ಲಿ ಗಲ್ಲಿಗೊಂದರಂತೆ ಇರುವ ಆರು ತಿಂಗಳ, ಒಂದು ವರ್ಷದ ಖಾಸಗಿ ಕೋರ್ಸ್‌ಗಳಲ್ಲಿ ಬಹಳಷ್ಟಕ್ಕೆ ಈ ಮಾನ್ಯತೆ ಇಲ್ಲ. ಹಾಗಂತ ಅವು ಕೆಲಸಕ್ಕೆ ಬಾರದವು ಅಂತಲ್ಲ. ಪ್ಲೇಸ್ಕೂಲ್‌ನವರು ಅದನ್ನೇ ನೋಡಿ ತೆಗೆದುಕೊಳ್ಳುತ್ತಾರೆ. ಆದರೆ "ಸರ್ಕಾರಿ ಮಾನ್ಯತೆ ಇದೆ" ಎಂದು ಬಾಯಲ್ಲಿ ಹೇಳಿದರೆ ನಂಬಬೇಡಿ, ಯಾರ ಮಾನ್ಯತೆ ಎಂದು ಕಾಗದ ತೋರಿಸಲು ಹೇಳಿ.

ಇಗ್ನೋದ್ದು ಹನ್ನೆರಡನೆಯ ನಂತರದ ಡಿಪ್ಲೊಮಾ, ಕಡಿಮೆ ಎಂದರೂ ಒಂದು ವರ್ಷ. ಮಕ್ಕಳ ಆರೋಗ್ಯ, ಪೌಷ್ಟಿಕ ಆಹಾರ ಎಲ್ಲಾ ಪಾಠದಲ್ಲಿದೆ. ಪುಸ್ತಕ ಚೆನ್ನಾಗಿವೆ, ಫೀಸ್ ಕಡಿಮೆ. ಪ್ರಾಜೆಕ್ಟ್ ಕೆಲಸವೂ ಇದೆ. ಆದರೆ ಅದನ್ನು ಮನೆಯಲ್ಲಿ ಕೂತು ಬರೆದು ಮುಗಿಸುವವರೂ ಇದ್ದಾರೆ. ನೀವು ಹಾಗೆ ಮಾಡಬೇಡಿ, ಹತ್ತಿರದ ಬಾಲವಾಡಿಯಲ್ಲಿ ಕೇಳಿಕೊಂಡು ಅಲ್ಲೇ ಮಾಡಿ. ಇನ್ನೂ ಮುಂದೆ ಓದುವ ಮನಸ್ಸಿದ್ದರೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಜುಹು ಕ್ಯಾಂಪಸ್‌ನಲ್ಲಿ ಮಾನವ ವಿಕಾಸ ವಿಭಾಗವೇ ಇದೆ. ಡೊಂಬಿವಲಿಯಿಂದ ದಾದರ್‌ಗೆ ಬಂದು, ವೆಸ್ಟರ್ನ್ ಲೈನ್ ಹಿಡಿದು ಸಾಂತಾಕ್ರೂಜ್‌ನಲ್ಲಿ ಇಳಿಯಬೇಕು. ದಿನಾ ಓಡಾಡುವುದು ಸುಲಭವಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾರೋ ಬಿ.ಎಡ್. ಮಾಡಿ ಎಂದು ಸಲಹೆ ಕೊಡುತ್ತಾರೆ, ನೋಡುತ್ತಿರಿ. ಅದು ದೊಡ್ಡ ಕ್ಲಾಸಿನ ಪಾಠಕ್ಕೆ. ಮೂರು ವರ್ಷದ ಮಗು ಚಡ್ಡಿ ಒದ್ದೆ ಮಾಡಿಕೊಂಡು ಅಳುತ್ತಾ ನಿಂತಾಗ ಏನು ಮಾಡಬೇಕೆಂದು ಅಲ್ಲಿ ಯಾರೂ ಕಲಿಸುವುದಿಲ್ಲ.

ಠಾಣೆ ಅಪ್ಪ:

ಮೇಡಂ, ತಪ್ಪು ತಿಳಿಯಬೇಡಿ, ನಿಜವಾಗಿ ಕೇಳುತ್ತಿದ್ದೇನೆ. ನಮ್ಮಮ್ಮ ಐದು ಮಕ್ಕಳನ್ನು ಸಾಕಿದವರು, ಒಂದು ದಿನವೂ ಕೋರ್ಸ್‌ಗೆ ಹೋದವರಲ್ಲ. ಮಗು ಸಾಕಿ ಗೊತ್ತಿರುವ ಹೆಂಗಸಿಗೆ ಇಷ್ಟೆಲ್ಲ ತರಬೇತಿ ಯಾಕೆ ಬೇಕು? ನನ್ನ ಮಗಳು ಜೂನಿಯರ್ ಕೇಜಿ. ಅವಳ ಟೀಚರ್‌ಗೆ ದೊಡ್ಡ ಸರ್ಟಿಫಿಕೇಟ್ ಇದೆ ಅಂತೆ. ಆದರೂ ದಿನಾ ಎರಡು ಪುಟ ಎ ಬಿ ಸಿ ಡಿ ಬರೆಸಿ ಕಳಿಸುತ್ತಾರೆ. ಮಗು ಪೆನ್ಸಿಲ್ ನೋಡಿದರೇ ಅಳುತ್ತದೆ.

ಮಾಟುಂಗಾ ಟೀಚರ್:

ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆಯೇ. ನಿಮ್ಮಮ್ಮನಿಗೆ ಗೊತ್ತಿದ್ದದ್ದು ದೊಡ್ಡ ವಿದ್ಯೆ. ಆದರೆ ಆ ಐದು ಮಕ್ಕಳು ಐದು ವಯಸ್ಸಿನವರು, ಒಬ್ಬರನ್ನು ನೋಡಿ ಒಬ್ಬರು ಕಲಿತರು. ಇಲ್ಲಿ ಒಂದೇ ವಯಸ್ಸಿನ ಇಪ್ಪತ್ತು ಮಕ್ಕಳು, ಇಪ್ಪತ್ತು ಮನೆಯವರು. ಎಲ್ಲರಿಗೂ ಅದೇ ಕೆಂಪು ಬಕೆಟ್ ಬೇಕು. ಇದು ಬೇರೆಯೇ ಕೆಲಸ.

ಬರವಣಿಗೆ ವಿಷಯಕ್ಕೆ ಬರುತ್ತೇನೆ. ಮೂರು-ನಾಲ್ಕು ವರ್ಷದ ಮಗುವಿನ ಬೆರಳಿಗೆ, ಮಣಿಕಟ್ಟಿಗೆ ಇನ್ನೂ ಆ ಹಿಡಿತ ಬಂದಿರುವುದಿಲ್ಲ. ಮೊದಲು ಭುಜ, ಆಮೇಲೆ ಮೊಣಕೈ, ಕೊನೆಗೆ ಬೆರಳ ತುದಿ, ಹೀಗೆ ಬರುತ್ತದೆ. ಅದಕ್ಕೇ ಒಳ್ಳೆ ನರ್ಸರಿಯಲ್ಲಿ ಮಣ್ಣು ಕಲಸುವುದು, ಕಾಗದ ಹರಿಯುವುದು, ಅವರೆಕಾಳು ಆರಿಸುವುದು, ಸ್ಪಂಜ್ ಹಿಂಡುವುದು, ದೊಡ್ಡ ಬ್ರಷ್‌ನಲ್ಲಿ ಗೋಡೆಗೆ ನೀರು ಬಳಿಯುವುದು. ಹೊರಗಿನಿಂದ ನೋಡಿದವರಿಗೆ ಸುಮ್ನೆ ಆಟ. ಟೀಚರ್‌ಗೆ ಗೊತ್ತಿರಬೇಕು, ಇದೆಲ್ಲ ಮುಂದೆ ಪೆನ್ಸಿಲ್ ಹಿಡಿಯುವ ತಯಾರಿ ಎಂದು. ಪೋಷಕರು ಬಂದು "ಇನ್ನೂ ಎಬಿಸಿ ಬಂದಿಲ್ಲ" ಎಂದು ಜೋರು ಮಾಡಿದಾಗ, ಗೊತ್ತಿರುವ ಟೀಚರ್ ಮಾತ್ರ ನೆಟ್ಟಗೆ ನಿಂತು ವಿವರಿಸಬಲ್ಲಳು.

ನಿಮ್ಮ ಮಗಳ ಟೀಚರ್‌ಗೂ ಇದು ಗೊತ್ತಿರಬಹುದು. ಶಾಲೆಯವರೇ ಪುಸ್ತಕ ತುಂಬಿಸಿ ಎಂದು ಕೂತಿರುತ್ತಾರೆ. ಒಮ್ಮೆ ಸಮಾಧಾನವಾಗಿ ಅವರ ಜೊತೆ ಮಾತಾಡಿ. 2020ರ ಶಿಕ್ಷಣ ನೀತಿಯಲ್ಲಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ. ಅದರ ಮೇಲೆ 2022ರಲ್ಲಿ ಬಂದ ಪಠ್ಯ ಚೌಕಟ್ಟು ಆಟದ ಮೂಲಕ ಕಲಿಕೆ ಎಂದೇ ಹೇಳುತ್ತದೆ. ಪೋಷಕರು ಇದನ್ನು ಕೇಳಲು ಶುರು ಮಾಡಿದರೆ ಶಾಲೆಗಳೂ ಬದಲಾಗುತ್ತವೆ.

ನಿಗಡಿ ಮಾಂಟೆಸ್ಸರಿ:

ಪುಣೆಯಿಂದ ಬರೆಯುತ್ತಿದ್ದೇನೆ. ಡೊಂಬಿವಲಿ ಅಕ್ಕ, ನಾನು ಮಾಂಟೆಸ್ಸರಿ ತರಬೇತಿ ಮಾಡಿದವಳು, ಅದರ ಬಗ್ಗೆ ಹೇಳುತ್ತೇನೆ.

ಮೊದಲ ವಿಷಯ, ಮಾಂಟೆಸ್ಸರಿ ಎಂಬ ಹೆಸರನ್ನು ಯಾರು ಬೇಕಾದರೂ ಬೋರ್ಡ್ ಮೇಲೆ ಬರೆಸಿಕೊಳ್ಳಬಹುದು. ತಡೆಯುವವರಿಲ್ಲ. ಆದ್ದರಿಂದ ಡಿಪ್ಲೊಮಾ ಯಾರು ಕೊಡುತ್ತಾರೆ ಎಂದು ಕೇಳಿ. ಮರಿಯಾ ಮಾಂಟೆಸ್ಸರಿ 1929ರಲ್ಲಿ ಕಟ್ಟಿದ ಸಂಸ್ಥೆ ಎಎಂಐ. ಅವರ ಡಿಪ್ಲೊಮಾ ಒಂದು, ಇಲ್ಲಿಯ ಬೇರೆ ಬೇರೆ ಸಂಸ್ಥೆಗಳದ್ದು ಇನ್ನೊಂದು. ಮೂರರಿಂದ ಆರು ವರ್ಷದ ಹಂತಕ್ಕೆ ಬೇರೆ ಕೋರ್ಸ್, ಹುಟ್ಟಿನಿಂದ ಮೂರಕ್ಕೆ ಬೇರೆ. ಮರಿಯಾ 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದು, ಯುದ್ಧದಿಂದಾಗಿ ವರ್ಷಗಟ್ಟಲೆ ಇಲ್ಲೇ ಉಳಿದರು. ನೂರಾರು ಜನರಿಗೆ ಇಲ್ಲೇ ತರಬೇತಿ ಕೊಟ್ಟರು. ನಮ್ಮ ದೇಶದಲ್ಲಿ ಈ ಪದ್ಧತಿ ಇಷ್ಟು ಹರಡಲು ಅದೂ ಕಾರಣ.

ತರಬೇತಿಯಲ್ಲಿ ಏನು ಮಾಡಿಸುತ್ತಾರೆ? ಒಂದೊಂದು ಸಾಮಾನನ್ನೂ ನಮ್ಮ ಕೈಯಲ್ಲೇ ಮತ್ತೆ ಮತ್ತೆ ಮಾಡಿಸುತ್ತಾರೆ. ಗುಲಾಬಿ ಗೋಪುರ ಅಂತ ಇದೆ, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಹತ್ತು ಘನಗಳು. ಅದನ್ನು ಚಾಪೆಗೆ ತರುವುದು ಹೇಗೆ, ಸದ್ದಿಲ್ಲದೆ ಇಡುವುದು ಹೇಗೆ, ಯಾವಾಗ ಕೈ ಹಿಂದೆ ತೆಗೆಯಬೇಕು, ಎಲ್ಲವನ್ನೂ ನೋಡುತ್ತಾರೆ. ಹೊಸ ಮಾತು ಕಲಿಸಲು ಮೂರು ಹೆಜ್ಜೆ. "ಇದು ದಪ್ಪ, ಇದು ತೆಳು" ಎಂದು ಹೇಳುವುದು. ಆಮೇಲೆ "ದಪ್ಪದ್ದು ಯಾವುದು, ತೋರಿಸು". ಕೊನೆಗೆ "ಇದೇನು?" ಎರಡನೇ ಹೆಜ್ಜೆಯಲ್ಲಿ ಮಗು ತಪ್ಪು ತೋರಿಸಿದರೆ "ತಪ್ಪು" ಎನ್ನಬಾರದು. ಇನ್ನೊಂದು ದಿನ ಮೊದಲಿನಿಂದ ಶುರು. ಇದನ್ನು ಓದಿ ತಿಳಿಯುವುದು ಸುಲಭ. ಆದರೆ ಬಾಯಿಗೆ ಬಂದ "ತಪ್ಪು" ಅನ್ನು ನುಂಗಿಕೊಳ್ಳಲು ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಆಮೇಲೆ ಆಲ್ಬಂ. ಪ್ರತಿ ಚಟುವಟಿಕೆಯನ್ನೂ ಚಿತ್ರದ ಸಮೇತ ಬರೆದು ಫೈಲ್ ಮಾಡಬೇಕು. ರಾತ್ರಿ ಹನ್ನೊಂದರವರೆಗೆ ಬರೆಯುವ ದಿನಗಳು ಇರುತ್ತವೆ. ಮನೆಯವರಿಗೆ ಮೊದಲೇ ಹೇಳಿಡಿ.

ಖರ್ಚು ಜಾಸ್ತಿ, ನಿಜ. ಆದರೆ ನನ್ನ ಅಭಿಪ್ರಾಯದಲ್ಲಿ ಆ ದುಡ್ಡಿಗೆ ಅಷ್ಟು ಬೆಲೆ ಇದೆ.

ಮುಲುಂಡ್ ಬಾಲವಾಡಿ ಅಜ್ಜಿ:

ನಿಗಡಿಯ ಮಗಳೇ, ನೀನು ಬರೆದದ್ದು ಚೆನ್ನಾಗಿದೆ. ಆದರೆ ಸಾಮಾನು ದುಬಾರಿ ಇದ್ದರೇ ಒಳ್ಳೆ ಶಿಕ್ಷಣ ಎಂದು ಡೊಂಬಿವಲಿಯ ಮಗಳು ತಿಳಿದುಕೊಳ್ಳುವುದು ಬೇಡ. ನಮ್ಮ ಈ ಮಹಾರಾಷ್ಟ್ರದಲ್ಲೇ ಅದಕ್ಕೆ ಉತ್ತರ ಸಿಕ್ಕಿದೆ, ಮುಂಬೈಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ಸು ಬರುವಷ್ಟು ದೂರದಲ್ಲಿ.

ತಾರಾಬಾಯಿ ಮೋಡಕ್ ಅವರು ಗುಜರಾತಿನಲ್ಲಿ ಬಾಲಶಿಕ್ಷಣಕ್ಕೆ ದುಡಿದ ಗಿಜುಭಾಯಿ ಬಧೇಕಾ ಅವರ ಜೊತೆ ಭಾವನಗರದಲ್ಲಿ ಕೆಲಸ ಮಾಡಿದವರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಶುರುವಾಯಿತು. ಮಾಂಟೆಸ್ಸರಿ ವಿಚಾರ ಅವರಿಗೆ ಪೂರ್ತಿ ಒಪ್ಪಿಗೆ, ಆದರೆ ವಿದೇಶಿ ಸಾಮಾನು ಹಳ್ಳಿ ಮಗುವಿಗೆ ಎಟಕುವುದಿಲ್ಲ ಅಲ್ವಾ? 1945ರಲ್ಲಿ ಬೋರ್ಡಿ ಎಂಬ ಊರಿಗೆ ಬಂದು ಗ್ರಾಮ ಬಾಲ ಶಿಕ್ಷಾ ಕೇಂದ್ರ ತೆರೆದರು. ಅನುತಾಯಿ ವಾಘ್ ಜೊತೆಯಾದರು. 1957ರಲ್ಲಿ ಕೆಲಸ ಡಹಾಣು ತಾಲೂಕಿನ ಕೋಸಬಾಡ್ ಗುಡ್ಡಕ್ಕೆ ಹೋಯಿತು. ಸುತ್ತಲೂ ವಾರ್ಲಿ ಆದಿವಾಸಿಗಳ ಪಾಡಾಗಳು, ಅಂದರೆ ಕೇರಿಗಳು. ಮಕ್ಕಳು ಶಾಲೆಗೆ ಬರುವುದಿಲ್ಲವೆಂದು ಇವರೇ ಅಂಗಳಕ್ಕೆ ಹೋದರು. ಮೊದಲು ಮೈ ತೊಳೆಸಿ, ತಲೆ ಬಾಚಿ, ಆಮೇಲೆ ಹಾಡು, ಕಥೆ, ಎಣಿಕೆ. ಬೀಜ, ಕಡ್ಡಿ, ಚಿಪ್ಪು, ಎಲೆ, ಮಣ್ಣು, ಇವೇ ಕಲಿಕೆ ಸಾಮಾನು. ಇವತ್ತು ದೇಶದ ತುಂಬ ಇರುವ ಅಂಗನವಾಡಿಗೆ ದಾರಿ ಹಾಕಿದ್ದು ಇದೇ. ಅಂಗನವಾಡಿ ನಡೆಸುವ ಸರ್ಕಾರದ ಐಸಿಡಿಎಸ್ ಯೋಜನೆ ಬಂದದ್ದು ಆಮೇಲೆ, 1975ರ ಅಕ್ಟೋಬರ್ 2ರಂದು.

ನಾನು ಬಾಲವಾಡಿ ಟೀಚರ್ ಆಗಿದ್ದಾಗ ನಮಗೆ ಕೊಟ್ಟ ತರಬೇತಿಯಲ್ಲೂ ಇದೇ ದಾರಿ. ಹುಣಸೆ ಬೀಜದಲ್ಲಿ ಲೆಕ್ಕ, ಬಾಟಲಿ ಮುಚ್ಚಳದಲ್ಲಿ ಬಣ್ಣ. ಒಂದು ರೂಪಾಯಿ ಖರ್ಚಿಲ್ಲ. ಆದರೆ ಟೀಚರ್ ಹಿಂದಿನ ರಾತ್ರಿ ಕೂತು ಯೋಚಿಸಿರಬೇಕು, ನಾಳೆ ಈ ಬೀಜದಿಂದ ಏನು ಮಾಡಿಸುತ್ತೇನೆ ಎಂದು. ಯೋಚನೆ ಇಲ್ಲದಿದ್ದರೆ ಗುಲಾಬಿ ಗೋಪುರವೂ ಬರೀ ಮರದ ತುಂಡು.

ನಿಗಡಿ ಮಾಂಟೆಸ್ಸರಿ:

ಅಜ್ಜಿ, ಇದನ್ನು ಒಪ್ಪುತ್ತೇನೆ. ಆದರೆ ಒಂದು ಮಾತು ಸೇರಿಸಲೇ? ಆ ಮರದ ತುಂಡಿನಲ್ಲಿ ತಪ್ಪನ್ನು ಮಗುವೇ ಕಾಣುವ ಹಾಗೆ ಮಾಡಿರುತ್ತಾರೆ. ಸಿಲಿಂಡರ್ ಅಂತ ಇನ್ನೊಂದು ಸಾಮಾನಿದೆ, ಬೇರೆ ಬೇರೆ ಅಳತೆಯ ಮರದ ತುಂಡುಗಳನ್ನು ತಕ್ಕ ಕುಳಿಗೆ ಕೂರಿಸುವುದು. ಒಂದನ್ನು ತಪ್ಪು ಕುಳಿಗೆ ಹಾಕಿದರೆ ಕೊನೆಗೆ ಒಂದು ಉಳಿದೇ ಉಳಿಯುತ್ತದೆ. ಟೀಚರ್ ಬಾಯಿ ಹಾಕಬೇಕಿಲ್ಲ. ಹುಣಸೆ ಬೀಜದಲ್ಲೂ ಅಂಥದ್ದನ್ನು ಮಾಡಬಹುದು, ಆದರೆ ಅದಕ್ಕೆ ಟೀಚರ್ ಬಹಳ ಗಟ್ಟಿ ಇರಬೇಕು.

ಮುಲುಂಡ್ ಬಾಲವಾಡಿ ಅಜ್ಜಿ:

ಟೀಚರ್ ಗಟ್ಟಿ ಇರಲಿ ಎಂದೇ ತಾನೇ ತರಬೇತಿ.

ವಾಸ್ಕೋ ಅಕ್ಕೋರು:

ಗೋವಾದಿಂದ ನಾನೂ ನಾಲ್ಕು ಮಾತು ಬರೆಯುತ್ತೇನೆ. ಊರು ಗದಗ ಕಡೆ. ಝುವಾರಿನಗರದ ಹತ್ತಿರ ಮಕ್ಕಳಿಗೆ ಕಲಿಸುತ್ತೇನೆ. ಇಲ್ಲಿನ ಮಕ್ಕಳ ಮನೆಯವರು ಬಾಗಲಕೋಟೆ, ವಿಜಯಪುರ, ಹಾವೇರಿಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಮನೆಯಲ್ಲಿ ನಮ್ಮ ಕಡೆಯ ಕನ್ನಡ, ಕೆಲವರಲ್ಲಿ ಲಂಬಾಣಿ. ಓಣಿಯಲ್ಲಿ ಹಿಂದಿ. ಶಾಲೆಗೆ ಹೋದರೆ ಕೊಂಕಣಿ, ಮರಾಠಿ, ಇಂಗ್ಲಿಷ್.

ಇಂಥ ಮಗು ಮೊದಲ ಕೆಲವು ತಿಂಗಳು ಒಂದು ಮಾತೂ ಆಡದೆ ಇರಬಹುದು. ಹೊಸ ಭಾಷೆಗೆ ಕಿವಿ ಕೊಟ್ಟು ಕೂತಿರುತ್ತದೆ, ಒಳಗೊಳಗೇ ಕೂಡಿಸಿಕೊಳ್ಳುತ್ತಿರುತ್ತದೆ. ತರಬೇತಿ ಇಲ್ಲದವರು ಇದನ್ನು ಕಂಡು "ಮಂದ" ಎನ್ನುತ್ತಾರೆ, ಇಲ್ಲ ಮಾತೇ ಬರುವುದಿಲ್ಲ ಎಂದು ಮನೆಗೆ ಹೇಳಿ ಕಳಿಸುತ್ತಾರೆ. ಆ ತಾಯಿ ಹೆದರಿ ಮನೆಯಲ್ಲೂ ಕನ್ನಡ ಬಿಡಿಸಿಬಿಡುತ್ತಾಳೆ. ನನಗೆ ಎಲ್ಲಕ್ಕಿಂತ ನೋವಾಗುವುದು ಇದು. ಎದೆಯ ಭಾಷೆ ಗಟ್ಟಿ ಇದ್ದರೆ ಅದರ ಮೇಲೆ ಎಷ್ಟು ಭಾಷೆ ಬೇಕಾದರೂ ಕಟ್ಟಬಹುದು. 2022ರ ಚೌಕಟ್ಟಿನಲ್ಲೂ ಈ ವಯಸ್ಸಿಗೆ ಮನೆಮಾತಿಗೇ ಮೊದಲ ಜಾಗ.

ನಾನು ಏನು ಮಾಡುತ್ತೇನೆ ಎಂದರೆ, ಬಾಗಿಲಲ್ಲಿ "ಬಾರವ್ವಾ, ಊಟ ಆತೇನು?" ಎಂದು ಕೇಳುತ್ತೇನೆ. ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿ, ಮಾರನೇ ದಿನ ಅದೇ ಕಥೆಯನ್ನು ಅದೇ ಚಿತ್ರ ತೋರಿಸಿ ಕೊಂಕಣಿಯಲ್ಲಿ ಹೇಳುತ್ತೇನೆ. ಕಥೆ ಗೊತ್ತಿರುವುದರಿಂದ ಹೊಸ ಮಾತು ತಾನಾಗಿ ಹಿಡಿಯುತ್ತವೆ. ಡೊಂಬಿವಲಿ ಅಕ್ಕ, ನಿಮಗೆ ಕನ್ನಡ, ಕುಂದಗನ್ನಡ, ಮರಾಠಿ ಮೂರೂ ಬರುತ್ತವೆ. ಇಂಗ್ಲಿಷ್ ತಡವರಿಸುತ್ತದೆ ಎಂದು ಕುಗ್ಗಬೇಡಿ. ಮುಂಬೈ ಪಾಲಿಕೆ ಶಾಲೆಗಳು ಎಂಟು ಭಾಷೆಯಲ್ಲಿ ನಡೆಯುತ್ತವೆ, ಅದರಲ್ಲಿ ಕನ್ನಡವೂ ಒಂದು. ಅಂಥ ಶಾಲೆಗಳ ಹತ್ತಿರದ ಬಾಲವಾಡಿಯಲ್ಲಿ ನಿಮ್ಮಂಥವರು ಬೇಕೇ ಬೇಕು.

ಘಾಟ್ಕೋಪರ್ ನಿಶಾ:

ಯಾರೂ ಸಂಬಳದ ಮಾತು ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೋರ್ಸ್ ಮುಗಿಸಿ ಒಂದು ಪ್ಲೇಸ್ಕೂಲ್ ಸೇರಿದ್ದೆ. ಹೆಸರು ಬೇಡ. ಮೇ ತಿಂಗಳ ಸಂಬಳ ಇಲ್ಲ. ಒಳಗೆ ಹೋದ ಮೇಲೆ ಗೊತ್ತಾಯಿತು. ಬೆಳಿಗ್ಗೆ ಕ್ಲಾಸ್, ಮಧ್ಯಾಹ್ನ ಚಾರ್ಟ್ ಕತ್ತರಿಸುವುದು, ಸಂಜೆ ಪೋಷಕರಿಗೆ ಫೋಟೋ ಕಳಿಸುವುದು. ಮಕ್ಕಳ ಜೊತೆಗಿನ ಹೊತ್ತು ಮಾತ್ರ ಸುಖ. ಮೂವತ್ತು ಮಕ್ಕಳು, ಒಬ್ಬಳೇ ಟೀಚರ್, ಮಾವಶಿ, ಅಂದರೆ ಆಯಾ ಇದ್ದರೂ ಅವರು ಮೂರು ಕ್ಲಾಸಿಗೆ ಒಬ್ಬರೇ. ಒಂದು ಮಗು ಬಾತ್‌ರೂಮ್‌ಗೆ ಹೋದರೆ ಉಳಿದವರನ್ನು ಯಾರು ನೋಡಬೇಕು? ಈ ಕೆಲಸವನ್ನು ಜನ ಗೌರವಿಸುವುದಿಲ್ಲ. ಸೇರುವ ಮೊದಲು ಇದೂ ಗೊತ್ತಿರಲಿ.

ಮಾಟುಂಗಾ ಟೀಚರ್:

ನಿಶಾ, ಬರೆದದ್ದು ಬಹಳ ಒಳ್ಳೆಯದಾಯಿತು. 2013ರ ರಾಷ್ಟ್ರೀಯ ನೀತಿಯಲ್ಲೇ ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಮೂರರ ಒಳಗಿನವರಾದರೆ ಹತ್ತಕ್ಕೆ ಒಬ್ಬರು ಎಂದಿದೆ. ಸಂದರ್ಶನಕ್ಕೆ ಹೋದಾಗ ನಾವೂ ಪ್ರಶ್ನೆ ಕೇಳಬೇಕು. ಕ್ಲಾಸಿಗೆ ಎಷ್ಟು ಮಕ್ಕಳು, ಮಾವಶಿ ಪೂರ್ತಿ ಹೊತ್ತು ಇರುತ್ತಾರಾ, ರಜೆ ತಿಂಗಳ ಸಂಬಳ ಇದೆಯಾ, ನೇಮಕದ ಪತ್ರ ಕೊಡುತ್ತೀರಾ. ಒರಿಜಿನಲ್ ಸರ್ಟಿಫಿಕೇಟ್ ಮಾತ್ರ ಯಾರ ಕೈಗೂ ಕೊಟ್ಟು ಬರಬೇಡಿ, ಝೆರಾಕ್ಸ್ ಸಾಕು.

ಸಂಬಳ ಕಡಿಮೆ ಎನ್ನುವುದು ನಿಜ. ಆರು ವರ್ಷದ ಒಳಗಿನ ಮಕ್ಕಳು ಶಿಕ್ಷಣ ಹಕ್ಕು ಕಾಯಿದೆಯ ಕಡ್ಡಾಯದ ವ್ಯಾಪ್ತಿಯ ಹೊರಗೆ ಉಳಿದರು, ಅದು ಆರರಿಂದ ಹದಿನಾಲ್ಕಕ್ಕೆ. ಹಾಗಾಗಿ ಈ ಹಂತದ ಟೀಚರ್ ಯಾರು, ಸಂಬಳ ಎಷ್ಟು ಎಂದು ಗಟ್ಟಿಯಾಗಿ ಕೇಳುವವರು ಕಡಿಮೆ. ಇದು ಬದಲಾಗಲೇಬೇಕು ಎಂದು ನಾನು ನಂಬಿದ್ದೇನೆ. 2020ರ ಹೊಸ ನೀತಿಯಲ್ಲಿ ಅಂಗನವಾಡಿಯವರಿಗೂ ತರಬೇತಿ ಹೇಳಿದ್ದಾರೆ, ಹನ್ನೆರಡನೆಯ ತರಗತಿ ಓದಿದವರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ತರಬೇತಿ ಕೇಳಿದ ಮೇಲೆ ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕಲ್ಲವೇ?

ಡೊಂಬಿವಲಿ ಅಮ್ಮ:

ಎಲ್ಲರಿಗೂ ಕೈ ಮುಗಿದೆ. ನೀವು ಹೇಳಿದ ಹಾಗೆ ವಿಚಾರಿಸಿಕೊಂಡು ಬಂದೆ. ಸ್ಟೇಷನ್ ಹತ್ತಿರದ ಕೋರ್ಸ್‌ನಲ್ಲಿ ಎಷ್ಟು ದಿನ ಮಕ್ಕಳ ಜೊತೆ ಎಂದು ಕೇಳಿದರೆ, "ಕೊನೆಯಲ್ಲಿ ಒಂದು ವಾರ ವಿಸಿಟ್ ಇರುತ್ತದೆ" ಎಂದರು. ಹಿಂದೆ ಕೂತು ನೋಡುವವರು ಯಾರು ಎಂದಾಗ ಉತ್ತರವೇ ಬರಲಿಲ್ಲ. ಠಾಣೆಯಲ್ಲಿ ಇನ್ನೊಂದು ಕಡೆ ಹೋದೆ. ಕೆಳಗಿನ ಮಹಡಿಯಲ್ಲಿ ಅವರದ್ದೇ ನರ್ಸರಿ. ತರಬೇತಿಗೆ ಬಂದವರು ಬೆಳಿಗ್ಗೆ ಮಕ್ಕಳ ಜೊತೆ, ಮಧ್ಯಾಹ್ನ ಪಾಠ. ಅಲ್ಲಿ ಒಬ್ಬ ಹುಡುಗಿ ಕ್ಲಾಸ್ ತೆಗೆದುಕೊಳ್ಳುತ್ತಿದ್ದಳು, ಮೂಲೆಯಲ್ಲಿ ಮೇಡಂ ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮರಾಠಿ, ಇಂಗ್ಲಿಷ್ ಎರಡರಲ್ಲೂ ನಡೆಯುತ್ತದೆ. ಎನ್‌ಸಿಟಿಇ ಮಾನ್ಯತೆ ಇಲ್ಲ ಎಂದು ಅವರೇ ಹೇಳಿದರು. ಅದು ಇಷ್ಟವಾಯಿತು. ಜೂನ್‌ಗೆ ಅಲ್ಲಿ ಸೇರಿ, ಜೊತೆಗೆ ಇಗ್ನೋದ್ದನ್ನೂ ಕಟ್ಟೋಣ ಎಂದುಕೊಂಡಿದ್ದೇನೆ. ಮನೆಯವರೂ ಒಪ್ಪಿದ್ದಾರೆ.

ಎರಡು ಪ್ರಶ್ನೆ ಉಳಿದಿವೆ. ಜೂನ್‌ವರೆಗೆ ಏನು ತಯಾರಿ ಮಾಡಲಿ? ಮಕ್ಕಳನ್ನು ಗಮನಿಸಿ ಬರೆಯಬೇಕು ಎಂದರು, ಅದನ್ನು ಕನ್ನಡದಲ್ಲಿ ಬರೆದುಕೊಂಡರೆ ತೊಂದರೆಯಾ?

ವಾಸ್ಕೋ ಅಕ್ಕೋರು:

ಪ್ರಥಮ ಚಿಕಿತ್ಸೆ ಕಲಿಯಿರಿ ಅಕ್ಕ, ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕೆಂಬುದನ್ನು ಗೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಿರಿ. ಡಬ್ಬದಲ್ಲಿ ಇಡೀ ದ್ರಾಕ್ಷಿ, ಶೇಂಗಾ ಬರುತ್ತಲೇ ಇರುತ್ತವೆ. ಆಮೇಲೆ ನಿಮ್ಮ ಅತ್ತೆಯ ಹತ್ತಿರ ಕೂತು ಶಿಶುಗೀತೆ, ಒಗಟು, ಬೆರಳಾಟ ಎಲ್ಲ ಬರೆದುಕೊಳ್ಳಿ. ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಅಳುವ ಮೊದಲ ವಾರ ಅದೇ ಕೈ ಹಿಡಿಯುತ್ತದೆ.

ಮಾಟುಂಗಾ ಟೀಚರ್:

ಗಮನಿಸಿದ್ದನ್ನು ಕನ್ನಡದಲ್ಲೇ ಬರೆಯಿರಿ, ಏನೂ ತೊಂದರೆ ಇಲ್ಲ. ಮಗುವಿನ ಎದುರು ಕೂತಾಗ ಕೈ ಬೇಗ ಓಡಬೇಕು. ಇಂಗ್ಲಿಷ್ ಪದ ಹುಡುಕುತ್ತಾ ಕೂತರೆ ಆ ಕ್ಷಣ ಹೋಗಿಬಿಡುತ್ತದೆ. ಫೈಲ್‌ಗೆ ಹಾಕುವಾಗ ಅವರು ಕೇಳಿದ ಭಾಷೆಗೆ ತಂದರಾಯಿತು.

ಬರೆಯುವ ರೀತಿ ಮಾತ್ರ ಈಗಲೇ ರೂಢಿ ಮಾಡಿಕೊಳ್ಳಿ. ಸಂಜೆ ಬಿಲ್ಡಿಂಗ್ ಕೆಳಗೆ ಮಕ್ಕಳು ಆಡುವಾಗ, ಅವರ ಅಮ್ಮಂದಿರಿಗೆ ಹೇಳಿ, ಒಂದೇ ಮಗುವನ್ನು ಹತ್ತು ನಿಮಿಷ ನೋಡಿ. "ಹಟಮಾರಿ", "ಜಾಣ", "ನಾಚಿಕೆ ಸ್ವಭಾವ" ಇಂಥ ಮಾತು ಒಂದೂ ಬೇಡ, ಅವು ನಮ್ಮ ಅಭಿಪ್ರಾಯ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ. "ಕ್ರೇಯಾನ್ ಕೇಳಿದಾಗ ಕೊಡಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದ. ಗೇಟ್ ಕಡೆ ಎರಡು ಸಲ ನೋಡಿದ." ಹೀಗೆ ಬರೆದಿದ್ದರೆ ಆಮೇಲೆ ಓದುವಾಗ ತಿಳಿಯುತ್ತದೆ, ಅವನಿಗೆ ಬೇಕಿದ್ದದ್ದು ಕ್ರೇಯಾನ್ ಅಲ್ಲ, ಅಮ್ಮ ಎಂದು. ಹಟಮಾರಿ ಎಂದು ಬರೆದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಮಕ್ಕಳ ನಿಜವಾದ ಹೆಸರು ಬರೆಯಬೇಡಿ, ಒಂದು ಅಕ್ಷರ ಸಾಕು. ವಯಸ್ಸನ್ನು ವರ್ಷ-ತಿಂಗಳಲ್ಲಿ ಬರೆಯಿರಿ. ಈ ವಯಸ್ಸಿನಲ್ಲಿ ಆರು ತಿಂಗಳ ಅಂತರವೂ ಬಹಳ ದೊಡ್ಡದು.